ಮಹಡಿಯ ಮೇಲಿನ ಒಲೆ

ಮಾರ್ಚ್ ೨, ಭಾನುವಾರ

ಕನ್ನಡಕದ ಗಾಜು ಮಾರುವ ಕಂಪನಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ನಮ್ಮ ಅಂಗಡಿ ಯಜಮಾನರಿಗೆ ಬರೆಯುವ ಅಭ್ಯಾಸವಿಲ್ಲ, ಹಾಗಾಗಿ ಅದು ನನ್ನ ಪಾಲಿಗೆ ಬರುತ್ತದೆ. ನನಗೂ ಆ ಅಭ್ಯಾಸವಿಲ್ಲ. ಹಿಂದಿನ ಹತ್ತು ಡೈರಿಗಳು ಪೆಟ್ಟಿಗೆಯಲ್ಲಿ ಖಾಲಿ ಬಿದ್ದಿವೆ. ಇವತ್ತು ಬರೆಯಲು ಕೂತದ್ದು ಮನೆಯಲ್ಲಿ ಯಾರ ಹತ್ತಿರವೂ ಹೇಳಲಾಗದ ಮಾತೊಂದು ಗಂಟಲಲ್ಲಿ ಸಿಕ್ಕಿಕೊಂಡಿರುವುದರಿಂದ. ಪಿಟೀಲಿಗೆ ಸ್ಕಾಲರ್‌ಶಿಪ್ ತಪ್ಪಿದ್ದು ನನ್ನಿಂದ.

ಪಿಟೀಲು ನನ್ನ ಅಣ್ಣನ ಮಗಳು. ಹುಟ್ಟಿದ ಮೊದಲ ಆರು ತಿಂಗಳು ಒಂದೇ ಶ್ರುತಿಯಲ್ಲಿ ಅಳುತ್ತಿದ್ದಳು, ಅದಕ್ಕೇ ಆ ಹೆಸರು. ಈಗ ಹದಿನೆಂಟು. ಮೋಡ, ಗಾಳಿ, ಮಳೆಯ ಶಾಸ್ತ್ರ ಓದುತ್ತೇನೆ ಅನ್ನುತ್ತಾಳೆ. ದೂರದ ಕಾಲೇಜಿನಲ್ಲಿ ಸೀಟೂ ಸಿಕ್ಕಿದೆ, ಜುಲೈ ಮೊದಲ ವಾರದವರೆಗೆ ಕಾಯುತ್ತಾರಂತೆ. ಫೀಸು, ಹಾಸ್ಟೆಲು ಸೇರಿದರೆ ಅಣ್ಣನೂ ನಾನೂ ಉಪವಾಸ ಬಿದ್ದರೂ ಸಾಲದು. ಸ್ಕಾಲರ್‌ಶಿಪ್ ಬಂದರೆ ಹೋಗುತ್ತಾಳೆ, ಬರದಿದ್ದರೆ ಇಲ್ಲ. ಮೊನ್ನೆ ಪತ್ರ ಬಂತು. ಕುಟುಂಬದ ಆದಾಯ ಮಿತಿ ಮೀರಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ ಎಂದು ಎರಡು ಸಾಲು, ಒಂದು ಸೀಲು.

ಅಣ್ಣನ ಆದಾಯ ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಮೀರಿಸಿದ್ದು ನನ್ನ ಸಂಬಳ. ಅದನ್ನು ಬರೆಯಿರಿ ಎಂದು ಯಾರೂ ಗಂಟುಬಿದ್ದಿರಲಿಲ್ಲ. 'ಮನೆಯಲ್ಲಿರುವವರು' ಎಂಬ ಸಾಲಿನ ಕೆಳಗೆ ಅಣ್ಣನೇ ನನ್ನನ್ನು ಸೇರಿಸಿ, ಅಂಗಡಿಯಿಂದ ಸಂಬಳದ ಚೀಟಿ ತರಿಸಿ, ಪಿನ್ನು ಹೊಡೆದು ಕಳಿಸಿದ್ದ. ಅವನು ಅಂಗಡಿಗಳ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುವವನು. ಮುಳ್ಳು ಕೂದಲೆಳೆಯಷ್ಟು ಆಚೆ ನಿಂತರೂ ಅವನಿಗೆ ಊಟ ಸೇರುವುದಿಲ್ಲ.

"ನಿಮ್ಮ ಕೈಗೆ ಪೆನ್ನು ಕೊಟ್ಟಿದ್ದೇ ನನ್ನ ತಪ್ಪು," ಎಂದಳು ಅತ್ತಿಗೆ.

"ಮನೇಲಿರೋಳನ್ನ ಇಲ್ಲ ಅಂತ ಹೇಗೆ ಬರೀಲಿ?" ಎಂದ ಅಣ್ಣ.

ಪಿಟೀಲು ತಟ್ಟೆ ತೊಳೆದಿಟ್ಟು ಮಹಡಿಗೆ ಹೋಗಿ ಮೋಡ ನೋಡುತ್ತಾ ನಿಂತಳು. ಹದಿನೆಂಟಕ್ಕೆ ಅಷ್ಟು ಸುಮ್ಮನಿರುವುದು ಒಳ್ಳೆಯದಲ್ಲ.

ಮಾರ್ಚ್ ೪, ಮಂಗಳವಾರ

ಮಧ್ಯಾಹ್ನ ಒಂದು ಜೊತೆ ದಪ್ಪ ಗಾಜಿನ ಅಂಚು ಉಜ್ಜುತ್ತಿದ್ದೆ. ಚಕ್ರ ತಿರುಗುತ್ತಿರುತ್ತದೆ, ನೀರು ಹನಿಯುತ್ತಿರುತ್ತದೆ, ಗಾಜು ಬೆರಳ ಕೆಳಗೆ ಬಿಸಿಯೂ ಅಲ್ಲದೆ ತಣ್ಣಗೂ ಇಲ್ಲದೆ ಸವೆಯುತ್ತಿರುತ್ತದೆ. ಊಟವಾದ ಮೇಲೆ ಆ ಸದ್ದು ಜೋಗುಳ. ಕಿಟಕಿಯ ಬಿಸಿಲು ಗಾಜಿನ ಮೂಲಕ ಹಾದು ಗೋಡೆಯ ಮೇಲೆ ಒಂದು ಬೆಳಕಿನ ಚುಕ್ಕೆಯಾಗಿ ಅಲೆಯುತ್ತಿತ್ತು. ಅದನ್ನೇ ನೋಡುತ್ತಾ ಕಣ್ಣು ತೆರೆದೇ ಕನಸು ಕಂಡೆ. ನಮ್ಮ ಊಟದ ಮೇಜು ಕೆರೆಯ ನಡುವೆ ತೇಲುತ್ತಿತ್ತು. ಅಣ್ಣ, ಅತ್ತಿಗೆ, ಪಿಟೀಲು ಕೂತು ಉಣ್ಣುತ್ತಿದ್ದರು. ನಾನು ದಡದಲ್ಲಿ ನಿಂತು ಚಮಚ ಮರೆತಿರಿ, ಚಮಚ ಮರೆತಿರಿ ಎಂದು ಕೂಗುತ್ತಿದ್ದೆ.

ಫ್ರೇಮು ಕೂಡಿಸುವ ಹುಡುಗಿ ಭುಜ ಅಲುಗಿಸಿದಳು. ಅಂಚು ಸರಿಯಾಗಿಯೇ ಬಂದಿತ್ತು. ಇಪ್ಪತ್ತಾರು ವರ್ಷದ ಕೈ, ನಾನು ಎಲ್ಲಿಗೆ ಹೋದರೂ ಅದು ಕೆಲಸದಲ್ಲಿರುತ್ತದೆ.

ಮಾರ್ಚ್ ೯, ಭಾನುವಾರ

ನಿನ್ನೆ ಅಣ್ಣ, ನಾನು, ಪಿಟೀಲು ವಕೀಲಮ್ಮನ ಹತ್ತಿರ ಹೋಗಿದ್ದೆವು. ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆ, ಮೆಟ್ಟಿಲೇರುತ್ತಿದ್ದಂತೆ ಹೊಸ ತೊಗಲಿನ ವಾಸನೆ. ವಕೀಲಮ್ಮ ಪಿಟೀಲಿಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು, ಅಷ್ಟೆ. ಮೂಗು ಕೆಂಪಾಗಿ ಸದಾ ನೆಗಡಿ.

"ನಿಯಮದಲ್ಲಿ ಕುಟುಂಬ ಅಂದ್ರೆ ತಂದೆ, ತಾಯಿ, ಮಕ್ಕಳು. ಆಮೇಲೆ, ಪರಿಶೀಲನೆ ನಡೆಯೋ ದಿನ ಅದೇ ಅಡುಗೆಮನೆಯಲ್ಲಿ ಊಟ ಮಾಡ್ತಾ ಇರೋ ಹತ್ತಿರದ ಸಂಬಂಧಿಗಳು," ಎಂದು ಓದಿ ಸೀನಿದಳು. "ಅಂದ್ರೆ ಇವರು ಬೇರೆ ಅಡುಗೆ ಮಾಡ್ಕೊಂಡ್ರೆ ಇವರ ಸಂಬಳ ಸೇರಿಸೋ ಹಾಗಿಲ್ಲ. ಮೇಲ್ಮನವಿ ಮಂಡಳಿಗೆ ಹೋಗೋಣ. ಬೇರೆ ಅಡುಗೆ ಅಂತ ಒಂದು ಅಫಿಡವಿಟ್‌ಗೆ ಸಹಿ ಹಾಕಿಕೊಡಿ, ಸಾಕು."

"ಆದ್ರೆ ನಾನು ಬೇರೆ ಮಾಡ್ಕೊಳಲ್ವಲ್ಲ," ಎಂದೆ.

"ಎಲ್ಲರೂ ಹಾಕ್ತಾರಮ್ಮ."

"ಹಾಕ್ಲಿ."

ಗಾಜಿನ ನಡುಬಿಂದು ಕೂದಲೆಳೆ ಸರಿದರೂ ಸಾಕು, ಯಾರೋ ಗುರುತಿಲ್ಲದವರು ವರ್ಷಗಟ್ಟಲೆ ತಲೆನೋವು ಹೊತ್ತು ತಿರುಗುತ್ತಾರೆ, ಯಾಕೆಂದೂ ಅವರಿಗೆ ಗೊತ್ತಾಗುವುದಿಲ್ಲ. ಆ ಭಯದಲ್ಲೇ ದುಡಿದವಳು ನಾನು. ಇಲ್ಲದ್ದನ್ನು ಇದೆ ಎಂದು ಪ್ರಮಾಣ ಮಾಡಿ ಬರೆದುಕೊಡಲು ಕೈ ಬರುವುದಿಲ್ಲ. ಅಣ್ಣನೂ ತಲೆಯಾಡಿಸಿದ. ಒಂದೇ ಅಚ್ಚಿನಲ್ಲಿ ಬಿದ್ದ ಎರಡು ಇಟ್ಟಿಗೆಗಳನ್ನು ನೋಡುವಂತೆ ವಕೀಲಮ್ಮ ನಮ್ಮಿಬ್ಬರನ್ನು ನೋಡಿದಳು.

"ಹಾಗಾದ್ರೆ ನಿಜ ಮಾಡ್ಬಿಡಿ," ಎಂದು ಕರ್ಚೀಫು ಹುಡುಕಿದಳು.

ತಮಾಷೆಗೆ ಹೇಳಿದ್ದು. ನಾನು ರಾತ್ರಿಯಿಡೀ ಅದನ್ನೇ ಹೊದ್ದು ಮಲಗಿದ್ದೆ. ಬೆಳಗ್ಗೆ ಕಾಫಿ ಕುಡಿಯುವಾಗ ಹೇಳಿಬಿಟ್ಟೆ, ಬರುವ ಭಾನುವಾರದಿಂದ ನನ್ನ ಅಡುಗೆ ಮಹಡಿಯ ಮೇಲೆ. ನಿಜವಾಗಿ ಬೇರೆ. ಕೆಳಗಿನಿಂದ ಒಂದು ಹನಿ ಮಜ್ಜಿಗೆಯೂ ಬೇಡ.

ಮಾರ್ಚ್ ೧೬, ಭಾನುವಾರ

ಮಹಡಿಯ ಕೋಣೆಯಲ್ಲಿ ಇಷ್ಟು ದಿನ ಕೆಟ್ಟ ತಕ್ಕಡಿಗಳೂ ಹಳೆ ಹಾಸಿಗೆಯೂ ಇದ್ದವು. ಅಣ್ಣ ಬೆಳಗ್ಗೆ ಹಾಸಿಗೆ ಇಳಿಸಿದ, ತಕ್ಕಡಿಗಳನ್ನು ಮೂಲೆಗೆ ಸರಿಸಿದ, ಒಂದೇ ಉರಿಯ ಒಲೆ ತಂದು ಕಟ್ಟೆಯ ಮೇಲಿಟ್ಟ. ಇಟ್ಟವನು ರಸಮಟ್ಟ ಹಿಡಿದು ಅದು ಸಮವಾಗಿದೆಯೋ ಇಲ್ಲವೋ ಎಂದು ನೋಡಿದ. ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟ. ಮತ್ತೆ ನೋಡಿದ.

"ಸಾಕು ಬಿಡೋ, ಹಾಲು ವಾಲಿಕೊಂಡು ಉಕ್ಕಲ್ಲ," ಎಂದೆ.

"ಇರು ಪುಟ್ಟಿ," ಎಂದ. ನಲವತ್ತೊಂಬತ್ತು ವರ್ಷದ ಪುಟ್ಟಿ ನಾನು. ಅವನ ಕಣ್ಣಲ್ಲಿ ನೀರಿತ್ತು, ನೋಡಿಯೂ ನೋಡದವಳ ಹಾಗೆ ಇದ್ದೆ.

ಅತ್ತಿಗೆ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಏನ್ ಮಹಾರಾಯ್ತಿ, ಇಪ್ಪತ್ತೆರಡು ವರ್ಷ ನನ್ನ ಕೈಯಡುಗೆ ತಿಂದು ಈಗ ನಾಟಕ ಆಡ್ತೀಯ?"

"ನಾಟಕ ಆಗ್ಬಾರ್ದು ಅಂತಾನೇ ಇಷ್ಟೆಲ್ಲ."

"ಬೇರೆ ಪಾತ್ರೆ ಇಟ್ಕೋ ಸಾಕು. ಊಟ ಕೆಳಗೇ ಮಾಡು. ಯಾರು ಬಂದು ನೋಡ್ತಾರೆ?"

"ನಾನು ನೋಡ್ತೀನಲ್ಲ," ಎಂದೆ.

ಅವಳು ಇಳಿದು ಹೋದಳು.

ಮಾರ್ಚ್ ೧೯, ಬುಧವಾರ

ಒಬ್ಬಳಿಗೆ ಅಕ್ಕಿ ಎಷ್ಟು ಹಾಕಬೇಕು ಎಂದು ಗೊತ್ತಿಲ್ಲ. ಮೂರು ದಿನದಿಂದ ಒಂದು ಸಲ ಗುಬ್ಬಿಗಾಗುವಷ್ಟು, ಒಂದು ಸಲ ಮದುವೆಗಾಗುವಷ್ಟು. ಇವತ್ತು ತಳ ಹಿಡಿಯಿತು. ಈರುಳ್ಳಿ ಸುಟ್ಟಿತು. ಬೆರಳೂ ಸುಟ್ಟಿತು.

ಕೆಳಗೆ ಅವರು ಉಣ್ಣುವ ಸದ್ದು ಕೇಳುತ್ತದೆ. ಅಣ್ಣ ನೀರು ಕುಡಿದು ಲೋಟ ಇಡುವ ಸದ್ದು, ಅತ್ತಿಗೆ ಬಡಿಸುವಾಗ ಬಳೆಯ ಸದ್ದು. ಯಾವುದೋ ಮಾತಿಗೆ ಮೂವರೂ ನಕ್ಕರು. ಏನು ಅಂತ ಕೇಳೋಣವೆಂದು ಎದ್ದು, ಬಾಗಿಲವರೆಗೆ ಹೋಗಿ, ವಾಪಸ್ಸು ಬಂದು ಕೂತೆ. ಸೀದ ಅನ್ನ ತಿಂದೆ. ತುಂಬಾ ದುಃಖವಾಯಿತು. ಬರೆಯಲು ನಾಚಿಕೆ ಏನು, ತುಂಬಾ ದುಃಖವಾಯಿತು.

ಮಾರ್ಚ್ ೩೦, ಭಾನುವಾರ

ಪಿಟೀಲು ಮುಚ್ಚಿದ ಬಟ್ಟಲು ಹಿಡಿದುಕೊಂಡು ಬಂದಳು. "ಅಮ್ಮ ಕೊಟ್ಟಳು. ನನಗೆ ಏನೂ ಗೊತ್ತಿಲ್ಲ, ನಾನು ಪೋಸ್ಟ್‌ಮ್ಯಾನ್ ಅಷ್ಟೆ."

ಬದನೆಕಾಯಿಯ ಘಮ ಮೆಟ್ಟಿಲಲ್ಲೇ ಬಂದಿತ್ತು. ಅದು ನನಗೆ ಪ್ರಾಣ ಎಂದು ಅತ್ತಿಗೆಗೆ ಗೊತ್ತು. ಬಾಯಲ್ಲಿ ನೀರೂರುತ್ತಿರುವಾಗಲೇ ಬೇಡ ಎಂದು ಕಳಿಸಿದೆ.

ಐದು ನಿಮಿಷಕ್ಕೆ ಅತ್ತಿಗೆ ದಡದಡ ಹತ್ತಿ ಬಂದಳು. "ನನ್ನ ಬಟ್ಟಲು ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂದಿದ್ದು ಇದೇ ಮೊದಲು. ನಿನ್ನ ಸತ್ಯ ನಿನಗೆ ದೊಡ್ಡದು. ನನ್ನ ಕೈ ಏನು ಮಾಡಿತ್ತು?"

ಸಹಿ ಹಾಕುವ ದಿನ ಹತ್ತಿರ ಬರ್ತಾ ಇದೆ ಅತ್ತಿಗೆ, ಎಂದಷ್ಟೇ ಅಂದೆ. ಅವಳು ನನ್ನ ಒಲೆ ನೋಡಿದಳು, ನನ್ನ ಪುಟ್ಟ ಪಾತ್ರೆ ನೋಡಿದಳು. ಸೆರಗಿನಿಂದ ಕಟ್ಟೆ ಒರೆಸಿ ಹೋದಳು. ಕಟ್ಟೆ ಕೊಳಕಾಗಿಯೇನೂ ಇರಲಿಲ್ಲ.

ಏಪ್ರಿಲ್ ೬, ಭಾನುವಾರ

ಅಫಿಡವಿಟ್‌ಗೆ ಸಹಿ ಹಾಕಿದೆ. ಓದಿ ನೋಡಿದೆ, ಅಕ್ಷರ ಅಕ್ಷರವೂ ನಿಜ.

ಏಪ್ರಿಲ್ ೨೦, ಭಾನುವಾರ

ಈ ಕೋಣೆಗೆ ಮೂರು ಕಡೆ ಕಿಟಕಿ. ಬೆಳಗ್ಗೆ ಬಿಸಿಲು ಒಲೆಯ ಮೇಲಿರುತ್ತದೆ, ಹತ್ತಕ್ಕೆ ಅಕ್ಕಿಯ ಡಬ್ಬಕ್ಕೆ ಬರುತ್ತದೆ, ಮಧ್ಯಾಹ್ನ ತಕ್ಕಡಿಗಳ ಮೂಲೆಗೆ ಹೋಗಿ ಹಿತ್ತಾಳೆಯ ತಟ್ಟೆಗಳನ್ನೆಲ್ಲ ಬೆಳಗಿಸುತ್ತದೆ. ರಜೆಯ ದಿನ ಅದರ ಹಿಂದೆಯೇ ಚಾಪೆ ಎಳೆದುಕೊಂಡು ಹೋಗಿ ಮಲಗುತ್ತೇನೆ. ಕೆಳಗಿದ್ದಾಗ ಹಗಲು ಮಲಗಿದ ನೆನಪಿಲ್ಲ. ಯಾರೂ ಬೇಡ ಎಂದಿರಲಿಲ್ಲ, ನನಗೇ ಏನೋ ಸಂಕೋಚ, ಅತ್ತಿಗೆ ಓಡಾಡುತ್ತಿರುವಾಗ ಕಾಲು ಚಾಚುವುದು ಹೇಗೆಂದು.

ಇವತ್ತು ಮಲಗಿದ್ದಾಗ ಕನಸಿನಲ್ಲಿ ಮಹಡಿಯ ಮೆಟ್ಟಿಲು ಮೇಲೆ ಮೇಲೆ ಹೋಗುತ್ತಲೇ ಇತ್ತು. ಹತ್ತುತ್ತಲೇ ಇದ್ದೆ, ಕಾಲು ನೋಯಲೇ ಇಲ್ಲ. ಎದ್ದಾಗ ಯಾವ ಹೊತ್ತು ಎಂದು ಗೊತ್ತಾಗದೆ ಸುಮ್ಮನೆ ಮೋಡ ನೋಡುತ್ತಾ ಮಲಗಿದ್ದೆ. ಆಮೇಲೆ ಟೊಮೇಟೊ, ಮೊಟ್ಟೆ ಹಾಕಿ ಏನೋ ಒಂದು ಮಾಡಿದೆ. ಅದಕ್ಕೆ ಹೆಸರಿಲ್ಲ, ರುಚಿಯಿತ್ತು. ಕಿಟಕಿಯ ಹತ್ತಿರ ನಿಂತೇ ತಿಂದೆ.

ಒಂದು ನೀಲಿ ಲೋಟ ಕೊಂಡೆ. ಬೇಕೇ ಬೇಕೆಂದೇನಿರಲಿಲ್ಲ.

ಏಪ್ರಿಲ್ ೨೯, ಮಂಗಳವಾರ

"ಏನಮ್ಮಾ, ಇತ್ತೀಚೆಗೆ ಹಾಡ್ತಾ ಕೆಲಸ ಮಾಡ್ತೀಯ?" ಎಂದರು ಅಂಗಡಿ ಯಜಮಾನರು. ಚಕ್ರಕ್ಕೆ ಎಣ್ಣೆ ಬಿಡಬೇಕು, ಅದರ ಸದ್ದು ಎಂದೆ. ಅವರು ನಕ್ಕರು. ಹೋಗಿ ಎಣ್ಣೆ ಬಿಟ್ಟೆ.

ಮೇ ೧೪, ಬುಧವಾರ

ಬೆಳಗ್ಗೆ ಏಳಕ್ಕೆ ಸ್ಕಾಲರ್‌ಶಿಪ್ ಇಲಾಖೆಯ ತಪಾಸಣೆಯವರು ಹೇಳದೆ ಕೇಳದೆ ಬಂದರು. ದುಂಡಗಿನ ಮನುಷ್ಯ, ಕಂಕುಳಲ್ಲಿ ಕಡತ. ಕೆಳಗಿನ ಒಲೆ ಮುಟ್ಟಿ ನೋಡಿದರು, ಬಿಸಿ. ಮೇಲೆ ಬಂದು ನನ್ನದನ್ನು ಮುಟ್ಟಿ ಬೆರಳು ಹಿಂದಕ್ಕೆಳೆದುಕೊಂಡರು, ಅದು ಇನ್ನೂ ಬಿಸಿ. ಉಪ್ಪಿನ ಡಬ್ಬ ತೆರೆದರು, ಎಣ್ಣೆ ಬಾಟಲಿ ಎತ್ತಿ ನೋಡಿದರು, ಕಸದ ಬುಟ್ಟಿಯಲ್ಲಿ ನನ್ನ ಮೊಟ್ಟೆಯ ಚಿಪ್ಪುಗಳನ್ನು ಪೆನ್ನಿನಿಂದ ಕೆದಕಿದರು.

"ಕೆಳಗೆ ಕೊನೇ ಸಲ ಯಾವಾಗ ಊಟ ಮಾಡಿದ್ರಿ?"

"ಮಾರ್ಚ್ ಹದಿನೈದು, ಶನಿವಾರ. ಅನ್ನ, ಬೇಳೆ, ಹುರುಳಿಕಾಯಿ."

"ಎಲ್ಲ ಬಾಯಿಪಾಠ ಮಾಡಿಟ್ಟಿದ್ದೀರಿ."

"ಕೊನೇ ಊಟ ಯಾರು ಮರೀತಾರೆ?" ಎಂದೆ.

ಅವರಿಗೆ ನಗು ಬಂತು. ಟೀ ಕೊಟ್ಟೆ. ಕೂರಲು ಸ್ಟೂಲು ಕಾಣದೆ ಮೂಲೆಯ ದೊಡ್ಡ ತೂಕದ ಯಂತ್ರದ ಮೇಲೆ ಕೂತುಬಿಟ್ಟರು, ಮುಳ್ಳು ಗಿರ್ರನೆ ತಿರುಗಿತು. ಬಾಗಿಲಲ್ಲಿ ನಿಂತಿದ್ದ ಅಣ್ಣ, "ಅದು ಎರಡು ಕೆ.ಜಿ. ಜಾಸ್ತಿ ತೋರಿಸುತ್ತೆ ಸಾರ್, ಗಾಬರಿಯಾಗ್ಬೇಡಿ," ಎಂದ. ಮೂವರೂ ನಗುತ್ತಿರುವಾಗ ನನಗೆ ಹೊಳೆಯಿತು, ಈ ಮನುಷ್ಯ ಒಳ್ಳೆಯವನಾದರೂ ಇವನು ಬರೆಯುವ ಒಂದು ಸಾಲಿನಲ್ಲಿ ಪಿಟೀಲಿನ ಕಾಲೇಜಿದೆ ಎಂದು. ಟೀ ಲೋಟ ಎರಡು ಸಲ ತೊಳೆದೆ.

ಮೇ ೨೨, ಗುರುವಾರ

ಜೂನ್ ಐದಕ್ಕೆ ವಿಚಾರಣೆ. ಆ ದಿನವೇ ಪರಿಶೀಲನೆಯ ದಿನವಂತೆ. ಇಲಾಖೆಯವರು ಒಪ್ಪಿಲ್ಲ, ಬೇರೆ ದಾಖಲೆ ಇದೆ ಅನ್ನುತ್ತಿದ್ದಾರಂತೆ. ಯಾವ ದಾಖಲೆ ಎಂದು ವಕೀಲಮ್ಮನಿಗೂ ತಿಳಿದಿಲ್ಲ.

ಪಿಟೀಲು ಸಂಜೆ ಮೇಲೆ ಬಂದು ಬಾಗಿಲ ಹೊರಗೆ ಕೂತು ಮೋಡ ಬರೆದುಕೊಂಡಳು. ಒಳಗೆ ಬರಲಿಲ್ಲ. "ಬಂದ್ರೆ ತಪ್ಪಾಗುತ್ತಾ ಅತ್ತೆ?" ಎಂದು ಕೇಳಿದಳು. ಬರುವುದರಲ್ಲಿ ಏನಿದೆ ಎಂದೆ. ಆದರೂ ಹೊಸ್ತಿಲು ದಾಟಲಿಲ್ಲ. ನಮ್ಮ ಮನೆಯ ಎಲ್ಲರಿಗೂ ಈ ರೋಗ ಅಂಟಿದೆ.

ಜೂನ್ ೫, ಗುರುವಾರ

ಬಂದು ಕೂತು ಒಂದು ಗಂಟೆಯಾಯಿತು. ಎಲ್ಲವನ್ನೂ ಬರೆಯಬೇಕು, ಇಲ್ಲದಿದ್ದರೆ ನಾಳೆ ಇದೂ ಕನಸೇ ಆಗಿಬಿಡುತ್ತದೆ.

ಮಂಡಳಿಯ ಕಟ್ಟಡದಲ್ಲಿ ಉದ್ದನೆಯ ಹಾಲು. ಬೆಂಚುಗಳ ಮೇಲೆ ನಮ್ಮ ಹಾಗೆಯೇ ಬಂದವರು ಸಾಲಾಗಿ ತೂಕಡಿಸುತ್ತಿದ್ದರು. ಮೇಲೆ ಫ್ಯಾನು ನೀರಿನೊಳಗೆ ತಿರುಗಿದ ಹಾಗೆ ನಿಧಾನ. ಯಾರದೋ ತಾತ ಕಡತವನ್ನು ಎದೆಗೆ ಅವಚಿಕೊಂಡು ಗೊರಕೆ ಹೊಡೆಯುತ್ತಿದ್ದ. ನಾನೂ ಮಂಪರಿನಲ್ಲಿದ್ದೆ. ನಮ್ಮನ್ನು ಕರೆದಾಗ ಅಣ್ಣ ನನ್ನ ಮೊಣಕೈ ಹಿಡಿದು ಎಬ್ಬಿಸಿದ.

ಅಧ್ಯಕ್ಷೆ ವಯಸ್ಸಾದ ಹೆಂಗಸು. ಕನ್ನಡಕ ಮೂಗಿನಿಂದ ಜಾರುತ್ತಲೇ ಇತ್ತು, ಎಡಗಡೆಯ ಕಡ್ಡಿ ಸೊಟ್ಟ. ಎರಡು ನಿಮಿಷದ ಕೆಲಸ, ಕೊಟ್ಟರೆ ಅಲ್ಲೇ ಸರಿಮಾಡಿಕೊಡುತ್ತಿದ್ದೆ. ವಕೀಲಮ್ಮ ನಿಯಮ ಓದಿದಳು, ನನ್ನ ಅಫಿಡವಿಟ್ ತೋರಿಸಿದಳು, ಎರಡು ಒಲೆ ಕಂಡಿವೆ ಎಂಬ ತಪಾಸಣೆಯ ವರದಿ ತೋರಿಸಿದಳು, ಮೂರು ಸಲ ಸೀನಿದಳು. ಎಲ್ಲವೂ ಸರಾಗವಾಗಿತ್ತು. ಆಗ ಇಲಾಖೆಯ ಪರ ಬಂದಿದ್ದವರು ಎದ್ದು ನಿಂತರು. ಅರ್ಜಿಯ ಜೊತೆ ವಿದ್ಯಾರ್ಥಿನಿಯೇ ತನ್ನ ಕೈಯಾರೆ ಬರೆದ ಒಂದು ಪುಟವಿದೆ, 'ನನ್ನ ಬದುಕಿನಲ್ಲಿ ಮುಖ್ಯರಾದವರು' ಎಂದು ಅದರ ವಿಷಯ, ದಯವಿಟ್ಟು ಕೇಳಬೇಕು ಎಂದರು.

ಪಿಟೀಲಿನ ಮುಖ ಬಿಳಿಚಿತು. ಅವಳು ಹಾಗೊಂದು ಪುಟ ಬರೆದಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಸಾಮಾನಿನ ಪಟ್ಟಿ ಓದುವ ದನಿಯಲ್ಲಿ ಅವರು ಓದಿದರು. ನನ್ನ ಸೋದರತ್ತೆ ಊಟಕ್ಕೆ ನನ್ನ ಪಕ್ಕದಲ್ಲೇ ಕೂರುತ್ತಾರೆ. ತಳ ಹಿಡಿದ ಅನ್ನ ನನ್ನ ತಟ್ಟೆಗೆ ಬಿದ್ದರೆ ಮಾತಾಡದೆ ಎತ್ತಿ ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಾರೆ, ಅದೇ ಇಷ್ಟ ಎನ್ನುತ್ತಾರೆ. ಅದು ಇಷ್ಟವಲ್ಲ ಎಂದು ನನಗೆ ಹತ್ತನೇ ವಯಸ್ಸಿಗೇ ಗೊತ್ತಾಯಿತು, ಆದರೆ ಹೇಳಿಲ್ಲ. ನನಗೆ ಆರನೇ ವಯಸ್ಸಿನಿಂದ ಕನ್ನಡಕ. ಎಲ್ಲ ಗಾಜೂ ಅತ್ತೆ ಉಜ್ಜಿದ್ದು. ಮೊದಲ ಸಲ ಹಾಕಿಕೊಂಡ ದಿನ ಮಹಡಿಗೆ ಕರೆದುಕೊಂಡು ಹೋಗಿ ಮೇಲೆ ನೋಡು ಎಂದರು. ಅಲ್ಲಿಯವರೆಗೆ ಮೋಡಕ್ಕೆ ಅಂಚು ಇರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಅಷ್ಟು ಓದಿ ಕಾಗದ ಮಡಚಿದರು. "ಒಂದೇ ಅಡುಗೆಮನೆ, ಒಂದೇ ಊಟ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಮೇಡಂ?"

ಇಷ್ಟು ವರ್ಷ ನಾನು ಆ ಮನೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಒಂದು ಮೂಲೆಯಲ್ಲಿ ಇದ್ದೇನೆ ಎಂದುಕೊಂಡಿದ್ದೆ. ಒಬ್ಬಳು ಎಲ್ಲವನ್ನೂ ನೋಡುತ್ತಾ ಬೆಳೆದಿದ್ದಾಳೆ. ಸಂತೋಷದಿಂದ ಎದೆ ಒಡೆದುಹೋಗುತ್ತದೆ ಅನ್ನಿಸಿತು, ಆ ಸಂತೋಷವೇ ಅವಳ ಕಾಲೇಜನ್ನು ಮುಳುಗಿಸುತ್ತಿತ್ತು.

ಅಧ್ಯಕ್ಷೆ ಕನ್ನಡಕ ಮೇಲೇರಿಸಿ ನನ್ನನ್ನು ಕರೆದರು. "ಈ ಹುಡುಗಿ ಬರೆದದ್ದು ನಿಜವೇನಮ್ಮಾ?"

ಮಕ್ಕಳು ಹೀಗೇ ಬಣ್ಣ ಕಟ್ಟಿ ಬರೀತಾರೆ ಎಂದುಬಿಡಿ ಎಂದು ವಕೀಲಮ್ಮ ಕಣ್ಣಲ್ಲೇ ಬೇಡುತ್ತಿದ್ದಳು. ಅಣ್ಣ ನೆಲ ನೋಡುತ್ತಿದ್ದ. ಪಿಟೀಲು ನನ್ನನ್ನು ನೋಡುತ್ತಿದ್ದಳು, ಗಾಜಿನ ಹಿಂದಿನ ಆ ಕಣ್ಣು.

"ಆಗ ನಿಜ," ಎಂದೆ.

"ಈಗ?"

"ಈಗ ಅಲ್ಲ."

"ಏನು ಬದಲಾಯ್ತು?"

"ನನ್ನ ಅಡುಗೆ ನಾನೇ ಮಾಡ್ಕೋತೀನಿ. ಒಬ್ಬಳೇ ಕೂತು ಉಣ್ತೀನಿ. ಅವಳ ತಟ್ಟೇಲಿ ಏನಿದೆ ಅಂತ ಈಗ ನನಗೆ ಕಾಣಲ್ಲ. ಎಂಬತ್ತೊಂದು ದಿನ ಆಯ್ತು."

"ಈ ಹುಡುಗಿಗೆ ಸ್ಕಾಲರ್‌ಶಿಪ್ ಸಿಗ್ಲಿ ಅಂತ ಮಾಡ್ಕೊಂಡ ಏರ್ಪಾಡು ತಾನೇ ಇದು?"

ವಕೀಲಮ್ಮನ ಸೀನು ಅರ್ಧಕ್ಕೇ ನಿಂತಿತು.

"ಹೌದು, ಅವಳಿಗೋಸ್ಕರಾನೇ ಶುರು ಮಾಡಿದ್ದು," ಎಂದೆ. "ಆದ್ರೆ ಸುಳ್ಳಲ್ಲ. ನಾನೀಗ ನಿಜವಾಗ್ಲೂ ಬೇರೆ."

ಹೇಳುವಾಗ ದನಿ ನಡುಗಲಿಲ್ಲ. ಅದೇಕೋ ಈಗ ಬರೆಯುವಾಗ ವಿಚಿತ್ರ ಅನ್ನಿಸುತ್ತಿದೆ. ಅಧ್ಯಕ್ಷೆ ಏನೋ ಬರೆದುಕೊಂಡರು. ಆದೇಶ ಅಂಚೆಯಲ್ಲಿ ಬರುತ್ತದಂತೆ.

ಬಸ್ಸಿನಲ್ಲಿ ಪಿಟೀಲು ನನ್ನ ಪಕ್ಕ ಕೂತಳು. "ಅದನ್ನ ಬರೀಬಾರ್ದಿತ್ತು ಅತ್ತೆ," ಎಂದಳು.

"ಬರೀದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಸೀದ ಅನ್ನ ನಿನಗೆ ಇಷ್ಟ ಇರ್ಲಿಲ್ಲ ತಾನೇ?"

"ಒಂಚೂರೂ ಇಲ್ಲ."

ನಕ್ಕಳು. ನಗುತ್ತಲೇ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ನಮ್ಮ ನಿಲ್ದಾಣ ದಾಟಿದರೂ ನಾನು ಎಬ್ಬಿಸಲಿಲ್ಲ. ಮುಂದಿನ ಸೀಟಿನಲ್ಲಿದ್ದ ಅಣ್ಣನೂ ತಿರುಗಿ ನೋಡಿ ಸುಮ್ಮನಿದ್ದ. ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆವು.

ಜೂನ್ ೧೯, ಗುರುವಾರ

ಅಂಚೆಯವನು ಬಂದ, ಹೋದ. ಏನೂ ಇಲ್ಲ.

ಜೂನ್ ೨೬, ಗುರುವಾರ

ಬಂತು. ಅಂಗಡಿಯಿಂದ ಬಂದಾಗ ಪಿಟೀಲು ಗೇಟಿನಲ್ಲೇ ಕಾಯುತ್ತಿದ್ದಳು, ಕಾಗದ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಪರಿಶೀಲನೆಯ ದಿನದಂದು ಅರ್ಜಿದಾರಳ ಸೋದರತ್ತೆ ಅರ್ಜಿದಾರಳ ಕುಟುಂಬದ ಸದಸ್ಯಳಾಗಿರಲಿಲ್ಲ, ಆದಕಾರಣ ಆಕೆಯ ವೇತನ ಸೇರಿಸತಕ್ಕದ್ದಲ್ಲ, ವಿದ್ಯಾರ್ಥಿವೇತನ ಮಂಜೂರು. ನಾನು ಎರಡು ಸಲ ಓದಿದೆ. ಮೊದಲ ಸಲ ಕೊನೆಯ ಪದ ಓದಿ ಕುಣಿಯುವಂತಾಯಿತು. ಎರಡನೇ ಸಲ ಮೊದಲ ಸಾಲು ಓದಿದೆ.

"ಗೆದ್ವಲ್ಲ, ಇನ್ನಾದ್ರೂ ಕೆಳಗೆ ಬಾರೇ," ಎಂದು ಅತ್ತಿಗೆ ಕೈ ಹಿಡಿದು ಎಳೆದಳು. ನಾನೂ ಎರಡು ಹೆಜ್ಜೆ ಹಾಕಿದೆ. ಅಷ್ಟರಲ್ಲಿ ವಕೀಲಮ್ಮನ ಫೋನು. ಅಭಿನಂದನೆ ಹೇಳಿ, ಸೀನಿ, ಪ್ರತಿ ವರ್ಷ ನವೀಕರಣಕ್ಕೂ ಪರಿಶೀಲನೆ ಇರುತ್ತದೆ, ಓದು ಮುಗಿಯುವ ನಾಲ್ಕು ವರ್ಷವೂ ಹೀಗೇ ಇರಬೇಕಾಗುತ್ತದೆ ಎಂದಳು. ಫೋನಿನ ಸ್ಪೀಕರು ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

ಅತ್ತಿಗೆ ನನ್ನ ಕೈ ಬಿಡಲಿಲ್ಲ. "ನಾಲ್ಕು ವರ್ಷಾನಾ?" ಎಂದು ಅತ್ತೇಬಿಟ್ಟಳು. ಅಣ್ಣ ಅವಳನ್ನು ಸಮಾಧಾನ ಮಾಡಿದ. ನಾನು ಅಯ್ಯೋ ಎಂದೆ, ಹೋಗಲಿ ಬಿಡು ಎಂದೆ. ಮೇಲೆ ಬಂದು ಆಲೂಗಡ್ಡೆ ಬೇಯಲು ಇಟ್ಟು ಕಿಟಕಿ ತೆರೆದೆ. ಮಳೆ ಬರುವ ಮುಂಚಿನ ಗಾಳಿ ತಣ್ಣಗೆ ಒಳಗೆ ಬಂತು. ಒಳ್ಳೆಯ ಹಸಿವಾಗಿತ್ತು.

ಜುಲೈ ೬, ಭಾನುವಾರ

ನಾಳೆ ಬೆಳಗ್ಗೆ ಪಿಟೀಲು ಹೊರಡುತ್ತಾಳೆ.

ಇವತ್ತು ಮಧ್ಯಾಹ್ನ ಊಟಕ್ಕೆ ಅವಳನ್ನು ಕರೆದಿದ್ದೆ. ಈಗ ನಾವು ಬೇರೆ ಬೇರೆ ಮನೆಯವರಲ್ಲವೆ, ನೆಂಟರನ್ನು ಊಟಕ್ಕೆ ಕರೆಯಬಾರದು ಎಂದು ಯಾವ ನಿಯಮದಲ್ಲೂ ಇಲ್ಲ. ವಕೀಲಮ್ಮನನ್ನು ಕೇಳಿಯೇ ಕರೆದದ್ದು. ಅವಳು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು.

ಬಾಗಿಲು ತೆರೆದೇ ಇದ್ದರೂ ಪಿಟೀಲು ತಟ್ಟಿದಳು. ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಎರಡು ಬಾಳೆಹಣ್ಣು ಹಿಡಿದು ನಿಂತಿದ್ದಳು.

"ಯಾರು?" ಎಂದೆ.

"ಕೆಳಗಿನ ಮನೆಯವರು."

"ಬನ್ನಿ ಬನ್ನಿ, ಅಪರೂಪ."

ಹೊಸ್ತಿಲು ದಾಟಿ ಬಂದಳು. ಎರಡನೇ ತಟ್ಟೆ ನಿನ್ನೆಯಷ್ಟೇ ತಂದದ್ದು. ಅನ್ನ, ಬೇಳೆ, ಆಲೂಗಡ್ಡೆ, ಆಮೇಲೆ ಆ ಹೆಸರಿಲ್ಲದ ಟೊಮೇಟೊ ಮೊಟ್ಟೆ. ಪಕ್ಕ ಪಕ್ಕ ಕೂರಲಿಲ್ಲ, ಕೋಣೆ ಚಿಕ್ಕದು, ಎದುರುಬದುರು ಕೂತೆವು. ಅವಳು ಉಣ್ಣುವುದನ್ನು ಮೊದಲ ಸಲ ಎದುರಿನಿಂದ ನೋಡಿದೆ. ಅಣ್ಣನ ಹಾಗೆಯೇ ಅಗಿಯುತ್ತಾಳೆ, ಲೆಕ್ಕ ಹಾಕಿದಂತೆ. ಕಾಲೇಜಿನ ಮಹಡಿಯಲ್ಲಿ ಗಾಳಿ ಅಳೆಯುವ ಯಂತ್ರ ಇದೆಯಂತೆ, ದಿನಕ್ಕೆ ಮೂರು ಸಲ ನೋಡಬೇಕಂತೆ. ಹೇಳುತ್ತಾ ಹೇಳುತ್ತಾ ಕಣ್ಣು ದೊಡ್ಡದಾಗುತ್ತಿತ್ತು.

ಆಮೇಲೆ ಕೇಳಿದಳು. "ನಾಲ್ಕು ವರ್ಷ ಆದ್ಮೇಲೆ ಕೆಳಗೆ ವಾಪಸ್ ಬರ್ತೀಯಲ್ಲ ಅತ್ತೆ?"

ಬರ್ತೀನಿ ಪುಟ್ಟಾ ಎನ್ನಲು ಬಾಯಿ ತೆರೆದೆ. ಇಲ್ಲೇನು ಮಂಡಳಿ ಕೂತಿರಲಿಲ್ಲ, ಕೇಳಿಸಿಕೊಳ್ಳಲು ಅವಳೊಬ್ಬಳೇ, ನಾಳೆ ಹೊರಟು ನಿಂತವಳು. ಮಾತು ಹೊರಡಲಿಲ್ಲ. ಈರುಳ್ಳಿ ಹುರಿದ ಹೊಗೆ ಗಂಟಲಿಗೆ ಹತ್ತಿರಬೇಕು. ನೀರು ತರುತ್ತೇನೆಂದು ಎದ್ದೆ.

ತಿರುಗಿ ಬಂದಾಗ ಅವಳು ತಿನ್ನುವುದು ನಿಲ್ಲಿಸಿ ಕೋಣೆಯನ್ನು ಸುತ್ತಲೂ ನೋಡುತ್ತಿದ್ದಳು. ಕಿಟಕಿಯ ಮೇಲಿನ ನೀಲಿ ಲೋಟ, ಬಿಸಿಲಿನ ಜಾಗದಲ್ಲಿ ಹಾಸಿದ ಚಾಪೆ, ನಾನು ಬಣ್ಣ ಹಚ್ಚಿದ ಕಪಾಟು. ಆ ಹುಡುಗಿಗೆ ಮೊದಲಿನಿಂದಲೂ ಎಲ್ಲ ಕಾಣುತ್ತದೆ. ಏನೋ ಅರ್ಥವಾದ ಹಾಗೆ ತಲೆಯಾಡಿಸಿದಳು, ಏನು ಅಂತ ನಾನು ಕೇಳಲಿಲ್ಲ.

"ಸರಿ, ರಜಕ್ಕೆ ಬಂದಾಗ ನಾನು ಎಲ್ಲಿ ಊಟ ಮಾಡ್ಲಿ?"

"ಕೆಳಗೆ ನಿನ್ನ ಮನೆ ಇದೆಯಲ್ಲ. ಇಲ್ಲಿ ಕರೆದಾಗ ಬಾ."

"ಕರೀತೀಯಾ?"

"ಕರೀತೀನಿ," ಎಂದೆ. ಅದು ಬಾಯಿಂದ ತಾನಾಗಿ ಬಂತು.

ಇನ್ನೊಂದು ಸಲ ಬಡಿಸಿಕೊಂಡು, ತಟ್ಟೆ ಖಾಲಿ ಮಾಡಿ, ತಾನೇ ತೊಳೆಯುತ್ತೇನೆಂದು ಎದ್ದಳು. ಬೇಡ ಎಂದೆ. ಕೆಳಗಿನಿಂದ ಅತ್ತಿಗೆ ಬಟ್ಟೆ ಜೋಡಿಸಬೇಕೆಂದು ಕೂಗುತ್ತಿದ್ದಳು. ಪಿಟೀಲು ಮೆಟ್ಟಿಲ ಅರ್ಧ ಇಳಿದು, ನಿಂತು, ತಿರುಗಿ ನೋಡಿದಳು.

"ಊಟ ತುಂಬಾ ಚೆನ್ನಾಗಿತ್ತು ಅತ್ತೆ. ಬರ್ತೀನಿ."

ಹದಿನೆಂಟು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದೇವೆ. ಅವಳು ಒಂದು ದಿನವೂ ಹಾಗೆ ಹೇಳಿದವಳಲ್ಲ. ಮನೆಯವರು ಹಾಗೆ ಹೇಳುವುದಿಲ್ಲ, ಕೈ ತೊಳೆದು ಎದ್ದು ಹೋಗುತ್ತಾರೆ. ಊಟ ಚೆನ್ನಾಗಿತ್ತು ಎಂದು ಬಾಗಿಲಲ್ಲಿ ನಿಂತು ಹೇಳಿ ಹೋಗುವವರು ನೆಂಟರು.

"ಆಗಾಗ ಬರ್ತಾ ಇರಿ," ಎಂದೆ ನಗುತ್ತಾ. ಅವಳ ಹೆಜ್ಜೆಯ ಸದ್ದು ಕೆಳಗಿಳಿದು ನಿಂತ ಮೇಲೆ ಬಾಗಿಲು ಹಾಕಿಕೊಂಡು, ಅವಳ ತಟ್ಟೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ.